ಉಣ್ಣುವವನ ಕಣ್ಣಿನ ಎತ್ತರ

ಊಟದ ಫೋಟೋ ತೆಗೆಯುವವನು ಹೊಟ್ಟೆ ತುಂಬಿಸಿಕೊಂಡು ಹೋಗಬಾರದು. ಈ ಕಸುಬಿಗೆ ಬರುವ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಇದೇ. ಯಾವ ಲೆನ್ಸು, ಎಷ್ಟು ಬೆಳಕು ಎಂದು ಕೇಳಲು ಬಂದವರು ಈ ಮುದುಕ ಹಸಿವಿನ ಮಾತು ತೆಗೆದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳಲಿ. ಕೋಲಾರದ ಒಂದು ಸ್ಟುಡಿಯೋಕ್ಕೆ ಕ್ಯಾಮೆರಾ ಹೊರುವ ಆಳಾಗಿ ಸೇರಿ, ಕೊನೆಗೆ ಅದರ ಬಾಗಿಲು ಎಳೆದು ಬೀಗದ ಕೈ ಒಪ್ಪಿಸಿ ಬಂದವನು ನಾನು. ನಡುವೆ ನಾನು ಏನೇನಾದೆ ಎಂಬುದು ಯಾರಿಗೂ ಬೇಕಾಗಿಲ್ಲ. ಕ್ಯಾಮೆರಾವನ್ನು ಎಲ್ಲಿ ಇಡಬಾರದು ಎಂಬುದನ್ನು ಹೇಗೆ ಕಲಿತೆ ಎಂಬುದಷ್ಟೇ ಹೊಸಬರಿಗೆ ಉಪಯೋಗಕ್ಕೆ ಬಂದೀತು.

ನಾನು ಸೇರಿದ್ದು ಮೂವತ್ತರ ದಶಕದಲ್ಲಿ. ಆಗಿನ ಕ್ಯಾಮೆರಾ ಎಂದರೆ ಒಂದು ಮರದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು, ತಲೆಯ ಮೇಲೆ ಹೊದ್ದುಕೊಳ್ಳಲು ಕರಿ ಬಟ್ಟೆ. ಪೆಟ್ಟಿಗೆಯ ಹಿಂಬದಿಯ ಮಸುಕು ಗಾಜಿನಲ್ಲಿ ಲೋಕವೆಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಅದನ್ನು ನೋಡಿ ಸರಿಪಡಿಸಿಕೊಂಡು, ಆಮೇಲೆ ಗಾಜಿನ ಪ್ಲೇಟು ತುರುಕಿ, ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ ಮತ್ತೆ ಮುಚ್ಚಬೇಕು. ಯಜಮಾನರು ನಾಯ್ಡು ಅವರು. ಮನೆಮಾತು ತೆಲುಗು, ಅಂಗಡಿ ಮಾತು ಕನ್ನಡ, ಬೈಗುಳಕ್ಕೆ ಎರಡೂ. ಕೆಟ್ಟವರಲ್ಲ. ಆದರೆ ಒಂದು ಸಲ ಸ್ಟ್ಯಾಂಡು ನಿಲ್ಲಿಸಿದರೆ ಅದನ್ನು ಕದಲಿಸಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. "ಲೇ ಗೋಪಾಲ, ಕ್ಯಾಮೆರಾ ಇದ್ದ ಕಡೆ ಇರ್ತದೆ, ಲೋಕಾನ ಅದರ ಮುಂದಕ್ಕೆ ತಾರೋ" ಎನ್ನುತ್ತಿದ್ದರು.

ನಮಗಿದ್ದ ಕೆಲಸವೆಂದರೆ ಮದುವೆಯ ಜೋಡಿ, ಕಚೇರಿಯ ಗ್ರೂಪು, ತೀರಿಕೊಂಡ ಹಿರಿಯರ ಮುಖ, ಶಿವಾರಪಟ್ಟಣದ ಶಿಲ್ಪಿಗಳು ದೂರದ ಗಿರಾಕಿಗಳಿಗೆ ಕಳಿಸುತ್ತಿದ್ದ ವಿಗ್ರಹಗಳ ಚಿತ್ರ. ಊಟದ ಫೋಟೋ ಎಂಬುದು ಒಂದು ಕೆಲಸ ಎಂದೇ ಗೊತ್ತಿರಲಿಲ್ಲ. ಅದು ಮೊದಲು ಬಂದದ್ದು ಮಾಲೂರಿನಿಂದ. ಅಲ್ಲಿ ರಾಮಭಟ್ಟರು ಎಂಬವರು ಊಟದ ಹೋಟೆಲು ತೆರೆಯುವವರಿದ್ದರು. ಬಾಳೆ ಎಲೆ ತುಂಬ ಬಡಿಸಿದ ಊಟದ ಚಿತ್ರವನ್ನು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಬೇಕೆಂಬುದು ಅವರ ಆಸೆ.

ಹೋದೆವು. ಭಟ್ಟರೇ ಕೂತು ಶಾಸ್ತ್ರೋಕ್ತವಾಗಿ ಬಡಿಸಿದರು. ನಾಯ್ಡು ಅವರು ಎಲೆಯ ಎದುರಿಗೆ ಸ್ಟ್ಯಾಂಡು ನಿಲ್ಲಿಸಿದರು. ನನಗೂ ಅದೇ ಸರಿ ಎನಿಸಿತು. ವರ್ಷಗಟ್ಟಲೆ ಮನುಷ್ಯರ ಎದುರು ನಿಂತು ಮುಖ ತೆಗೆದವರು ನಾವು, ಊಟಕ್ಕೂ ಎದುರಿಗೇ ನಿಂತೆವು. ಚಿತ್ರ ಕನ್ನಡಿಯಂತೆ ಬಂತು. ಅನ್ನದ ಅಗುಳು ಎಣಿಸಬಹುದಿತ್ತು. ಕ್ಯಾಲೆಂಡರು ಹಂಚಿದ ವಾರದಲ್ಲೇ ಭಟ್ಟರು ಸ್ಟುಡಿಯೋಕ್ಕೆ ಬಂದು ಅದನ್ನು ಮೇಜಿನ ಮೇಲಿಟ್ಟರು.

"ನಾಯ್ಡುಗಾರು, ನನ್ನ ಹೋಟ್ಲು ತೆರೆಯೋಕೆ ಮುಂಚೆ ತಿಥಿ ಮಾಡಿಬಿಟ್ರಲ್ಲ" ಎಂದರು.

ಎಲೆಯ ತುದಿ ಬಲಕ್ಕಿತ್ತು. ನಮ್ಮ ಕಡೆ ಉಣ್ಣುವವರ ಎಡಕ್ಕೆ ತುದಿ ಬರುವಂತೆ ಎಲೆ ಹಾಕುತ್ತಾರೆ. ಬಲಕ್ಕೆ ಬಂದರೆ ಅದು ಅಶುಭದ ಎಲೆ. ಭಟ್ಟರು ಸರಿಯಾಗಿಯೇ ಹಾಕಿದ್ದರು. ನಾವು ಬಡಿಸುವವರ ಕಡೆ ನಿಂತು ತೆಗೆದಿದ್ದೆವು, ಹಾಗಾಗಿ ಚಿತ್ರದಲ್ಲಿ ತಿರುವುಮುರುವಾಗಿತ್ತು. ಕ್ಯಾಲೆಂಡರು ಗೋಡೆಗೆ ತೂಗುಹಾಕಿದ ಮನೆಗಳಲ್ಲಿ ಮುದುಕಿಯರು ಅದನ್ನು ಮಗುಚಿ ಹಾಕಿದರಂತೆ. ನಾಯ್ಡು ಅವರು ಸೋಲುವವರಲ್ಲ. "ಪ್ಲೇಟು ತಿರುವಿ ಪ್ರಿಂಟು ಹಾಕಿದ್ರೆ ಆಯ್ತಪ್ಪ" ಎಂದು ಹಾಗೇ ಮಾಡಿದರು. ತುದಿಯೇನೋ ಎಡಕ್ಕೆ ಬಂತು. ಆದರೆ ಪಕ್ಕದಲ್ಲಿದ್ದ ಹಿತ್ತಾಳೆ ತಂಬಿಗೆಯ ಮೇಲೆ ಕೊರೆಸಿದ್ದ ಭಟ್ಟರ ಹೆಸರು ಹಿಂದುಮುಂದಾಯಿತು. ಉಪ್ಪು ಉಪ್ಪಿನಕಾಯಿ ನೋಡುವವನ ಹೊಟ್ಟೆಯ ಹತ್ತಿರ, ಅನ್ನ ಆಚೆ ದಡದಲ್ಲಿ. ಮತ್ತೆ ಮಾಲೂರಿಗೆ ಹೋಗಿ, ಉಣ್ಣುವವರು ಕೂರುವ ಕಡೆಯಿಂದಲೇ ತೆಗೆದುಕೊಂಡು ಬಂದೆವು. ಊಟಕ್ಕೆ ಮುಖ ಇರುವುದು ಉಣ್ಣುವವನ ಕಡೆಗೆ ಎಂಬ ಪಾಠವನ್ನು ಅರ್ಧ ಕಲಿತದ್ದು ಅಲ್ಲಿ.

ಇನ್ನೊಂದು ಪಾಠವನ್ನು ಶ್ರೀನಿವಾಸಪುರದ ಮಾವಿನ ತೋಟದ ರೆಡ್ಡಿಯವರು ಕಲಿಸಿದರು. ಅವರ ಕೆಂಪು ಮುಸುಡಿನ ಹಣ್ಣುಗಳನ್ನು ಬುಟ್ಟಿಯಲ್ಲಿ ಹೂವಿನಂತೆ ಜೋಡಿಸಿ ತೆಗೆದೆವು. ಆಗಿನ ಮಾಮೂಲಿ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ; ಕೆಂಪಾದದ್ದೆಲ್ಲ ಕಪ್ಪಾಗಿ ಬರುತ್ತಿತ್ತು. ರೆಡ್ಡಿಯವರು ಚಿತ್ರ ನೋಡಿ, "ಏಮಯ್ಯಾ, ಕೊಳೆತಿರೋದೇ ಹುಡುಕಿ ಹುಡುಕಿ ಇಟ್ಟಿದ್ದೀರಲ್ಲ" ಎಂದರು. ಆಮೇಲೆ ಕೆಂಪು ಕೆನ್ನೆಗಳನ್ನೆಲ್ಲ ಹಿಂದಕ್ಕೆ ತಿರುಗಿಸಿ, ಹಸಿರು ಬೆನ್ನು ಮುಂದೆ ಮಾಡಿ ತೆಗೆದುಕೊಟ್ಟೆವು. ಈಗಿನವರು ಬಣ್ಣದ ಫಿಲ್ಮಿನಲ್ಲಿ ತೆಗೆಯುತ್ತಾರೆ, ಇಂಥ ಪಾಡು ಅವರಿಗಿಲ್ಲ. ನನಗೆ ಅದರಲ್ಲಿ ಹೊಟ್ಟೆಕಿಚ್ಚೂ ಇಲ್ಲ.

ಯುದ್ಧ ಬಂತು. ಅಕ್ಕಿ ಸಿಗದಾಯಿತು. ಪಡಿತರದಲ್ಲಿ ಅಕ್ಕಿಯ ಜತೆಗೆ ರಾಗಿ ಕೊಡತೊಡಗಿದರು. ಹಳ್ಳಿಯವರಿಗೆ ಅದು ದಿನದ ಊಟ. ಆದರೆ ಕೋಲಾರದ ಪೇಟೆಯಲ್ಲಿದ್ದ ಗುಮಾಸ್ತರು, ವಕೀಲರು, ಪರ ಊರಿಂದ ಬಂದ ಬ್ಯಾಂಕಿನವರು, ಇವರೆಲ್ಲ ಅನ್ನದವರು. ರಾಗಿ ಚೀಲವನ್ನು ಮೂಲೆಗಿಟ್ಟು ಅದನ್ನು ಏನು ಮಾಡುವುದೆಂದು ತಿಳಿಯದೆ ಕೂತಿದ್ದರು. ಮುದ್ದೆ ಎಂದರೆ ಕೂಲಿ ಮಾಡುವವರ ಊಟ ಎಂದು ಮೂಗು ಮುರಿಯುವವರೂ ಇದ್ದರು. ಅಂಥವರಿಗೆ ರಾಗಿಯ ರುಚಿ ತೋರಿಸಲು ಕೋಲಾರದಲ್ಲಿ ಒಂದು ಪ್ರದರ್ಶನ ಏರ್ಪಾಟಾಯಿತು. ಅದರ ಉಸ್ತುವಾರಿ ತಾಲ್ಲೂಕಿನ ಅಮಲ್ದಾರರದು.

ಆಗಲೇ ಚೌಡಮ್ಮ ನಮ್ಮ ಕಥೆಗೆ ಬಂದದ್ದು. ಆಕೆ ಹೋಳೂರಿನವರು, ಗಂಡ ತೀರಿಕೊಂಡ ಮೇಲೆ ಮುಳಬಾಗಿಲಿನ ರಸ್ತೆ ಬದಿಯಲ್ಲಿ ಮುದ್ದೆ ಹೋಟೆಲು ನಡೆಸುತ್ತಿದ್ದರು. ಮೇಲೆ ಸೋಗೆ, ಒಳಗೆ ಒಂದೇ ಒಲೆ. ಗಾಡಿಯವರು, ಬಸ್ಸಿನವರು ಅಲ್ಲಿ ಕೂತು ಉಣ್ಣುತ್ತಿದ್ದರು. ಆ ಜಾಗದ ಒಡೆಯರು ಈಗ ಅಲ್ಲಿ ಅಂಗಡಿ ಕಟ್ಟುತ್ತೇವೆ, ತೆರವು ಮಾಡು ಎಂದಿದ್ದರು. ಊರಿನ ಅಣ್ಣ ಮನೆಗೆ ಬಂದುಬಿಡು ಎಂದು ಹೇಳಿಕಳಿಸಿದ್ದ. ಚೌಡಮ್ಮ ಅಣ್ಣನ ಮನೆಗೆ ಹೋಗುವ ಬದಲು ಅಮಲ್ದಾರರ ಕಚೇರಿಗೆ ಹೋದರು. ಪ್ರದರ್ಶನದಲ್ಲಿ ಮುದ್ದೆ ಅಂಗಡಿ ನನಗೆ ಕೊಡಿ ಎಂದು ಕೇಳಿದರು. ಅಂಗಡಿ ಚೆನ್ನಾಗಿ ನಡೆದರೆ ಕಚೇರಿಯ ಪಕ್ಕದಲ್ಲಿ ಖಾಯಂ ಜಾಗ ಕೊಡಿಸುವುದಾಗಿ ಅಮಲ್ದಾರರು ಹೇಳಿದರು. ಆದರೆ ಅವರ ಕೈಕೆಳಗಿನ ಶಿರಸ್ತೇದಾರರು ನಡುವೆ ಬಾಯಿ ಹಾಕಿ, ಮುದ್ದೆ ನೋಡಲು ಚೆನ್ನಾಗಿರುವುದಿಲ್ಲ, ಪೇಟೆಯವರು ಹತ್ತಿರ ಬರುವುದಿಲ್ಲ, ಬೆಲ್ಲ ಹಾಕಿ ರಾಗಿ ಉಂಡೆ ಕಟ್ಟುವವರಿಗೆ ಕೊಡೋಣ ಎಂದರು.

ಅಮಲ್ದಾರರು ನಾಯ್ಡು ಅವರನ್ನು ಕರೆಸಿದರು. "ಮುದ್ದೆಯದೊಂದು ಫೋಟೋ ತೆಗೆದುಕೊಡಿ. ನೋಡಿದವನಿಗೆ ತಿನ್ನೋಣ ಅನ್ನಿಸಬೇಕು. ಅನ್ನಿಸಿದರೆ ಆಕೆಗೆ ಅಂಗಡಿ, ಅನ್ನಿಸದಿದ್ದರೆ ಉಂಡೆಯವರಿಗೆ" ಎಂದರು.

ಪಕ್ಕದ ಮನೆಯಿಂದ ಮುದ್ದೆ ತರಿಸಿ ಸ್ಟುಡಿಯೋದಲ್ಲೇ ಶುರು ಮಾಡಿದೆವು. ದುಂಡಗಿರುವುದಕ್ಕೆ ಪಕ್ಕದಿಂದ ಬೆಳಕು ಕೊಡಬೇಕು ಎಂಬುದು ವಿಗ್ರಹಗಳಿಂದ ಬಂದ ಅಭ್ಯಾಸ. ಹಾಗೇ ಕೊಟ್ಟೆವು, ಎದೆಯ ಎತ್ತರಕ್ಕೆ ಕ್ಯಾಮೆರಾ ಇಟ್ಟೆವು. ಮುದ್ದೆ ಶಿವಾರಪಟ್ಟಣದ ಗುಂಡುಕಲ್ಲಿನ ಹಾಗೆ ಬಂತು. ನೋಡಿದರೆ ಕೈಮುಗಿಯಬೇಕು ಅನಿಸುತ್ತಿತ್ತೇ ಹೊರತು ತಿನ್ನಬೇಕು ಅನಿಸುತ್ತಿರಲಿಲ್ಲ. ಏಣಿ ಹತ್ತಿ ನೆತ್ತಿಯಿಂದ ತೆಗೆದೆ. ತಟ್ಟೆಯಲ್ಲಿ ತೂತು ಬಿದ್ದಂತಿತ್ತು. ಕೆಂಪು ಸಾರು ತಾರಿನಂತೆ ಕಪ್ಪಾಗಿತ್ತು. ಅಷ್ಟು ಹೊತ್ತಿಗೆ ಮುದ್ದೆ ಆರಿ, ಮೇಲೆ ಹೊಪ್ಪಳೆಯೂ ಎದ್ದಿತ್ತು.

ನಾಯ್ಡು ಅವರು ಕುಂಬಾರರ ಬೀದಿಯಿಂದ ಜೇಡಿಮಣ್ಣು ತರಿಸಿ, ಉಂಡೆ ಮಾಡಿ, ಹರಳೆಣ್ಣೆ ಸವರಿ ತಟ್ಟೆಯಲ್ಲಿಟ್ಟರು. ಆರುವ ಭಯವಿಲ್ಲ, ಬೇಕಾದಷ್ಟು ಹೊತ್ತು ಬೆಳಕು ತಿದ್ದಬಹುದು. ಚಿತ್ರ ಸುಂದರವಾಗಿ ಬಂತು, ಸುಳ್ಳು ಹೇಳಬಾರದು. ನುಣ್ಣಗೆ, ಮಿರಿಮಿರಿ ಎನ್ನುತ್ತಿತ್ತು. ನನಗೆ ಮಾತ್ರ ಅದನ್ನು ಕಂಡರೆ ಸಿಟ್ಟು ಬರುತ್ತಿತ್ತು. ಯಾಕೆ ಎಂದು ನಾಯ್ಡು ಅವರು ಕೇಳಿದರು. ಅದು ಮಣ್ಣಲ್ಲವಾ ಎಂದೆ.

"ಲೇ, ನಾಟಕದಾಗ ರಾಜ ಇಟ್ಕೊಳ್ಳೋ ಕಿರೀಟ ಬಂಗಾರದ್ದೇನ್ಲಾ?" ಎಂದರು ನಾಯ್ಡು ಅವರು.

"ನಾಟ್ಕ ಮುಗಿದ ಮೇಲೆ ಜನ ಆ ಕಿರೀಟ ಕೇಳಲ್ಲ ಸಾರ್. ಇಲ್ಲಿ ಚಿತ್ರ ನೋಡಿದ ಮೇಲೆ ತಟ್ಟೆ ಕೇಳ್ತಾರೆ" ಎಂದೆ.

ಚೌಡಮ್ಮ ಬಸ್ಸು ಹತ್ತಿ ಚಿತ್ರ ನೋಡಲು ಬಂದರು. ನಾಯ್ಡು ಅವರೇ ಮುಂದಿಟ್ಟು, ಮಣ್ಣಿನ ಕಥೆಯನ್ನೂ ಹೆಮ್ಮೆಯಿಂದ ಹೇಳಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು.

"ಅಂಗಡಿ ಸಿಗ್ತದೆ ಬಿಡಮ್ಮ, ಇನ್ನೇನು" ಎಂದರು ನಾಯ್ಡು ಅವರು.

"ಸಿಗ್ತದೆ ಸ್ವಾಮಿ. ಮಣ್ಣು ತೋರಿಸಿ ಜನಾನ ಕರೆದು, ನಾನ್ಯಾಕೆ ಒಲೆ ಹಚ್ಚಬೇಕು ಹೇಳಿ" ಎಂದರು ಚೌಡಮ್ಮ. ಆಮೇಲೆ ನನ್ನ ಕಡೆ ತಿರುಗಿ, "ನಮ್ಮಣ್ಣ ಒಳ್ಳೇವ್ನೇ ಕಣಪ್ಪ. ಅತ್ತಿಗೇನೂ ಒಳ್ಳೇವ್ಳೇ. ಆದ್ರೆ ಅವಳ ಒಲೆ ಮುಂದೆ ನಾನು ಎಷ್ಟು ವರ್ಷ ಕೂತ್ರೂ ಅದು ಅವಳ ಒಲೇನೇ. ನಂಗೆ ಆ ಅಂಗಡಿ ಬೇಕು. ನನ್ನ ಮುದ್ದೆ ತೋರಿಸೇ ಬೇಕು" ಎಂದರು. ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ಸಮಾಧಾನ ಹೇಳಿ ಕಳಿಸಿಬಿಡಬಹುದಿತ್ತು.

ಮರುದಿನ ಕ್ಯಾಮೆರಾ ಹೊತ್ತುಕೊಂಡು ಮುಳಬಾಗಿಲಿಗೆ ಹೊರಟೆ. ಬೇಡ ಎನ್ನುತ್ತಾರೆ ಎಂದು ನಾನು ಅಂದುಕೊಂಡಿದ್ದ ನಾಯ್ಡು ಅವರು ಕಪಾಟಿನ ತಳದಿಂದ ಒಂದು ಪೊಟ್ಟಣ ತೆಗೆದು ಕೈಗಿಟ್ಟರು. ಕೆಂಪನ್ನೂ ಕಾಣಬಲ್ಲ ಹೊಸ ಬಗೆಯ ಪ್ಲೇಟುಗಳು. ಯುದ್ಧ ಶುರುವಾದ ಮೇಲೆ ಅವು ಬರುತ್ತಲೇ ಇರಲಿಲ್ಲ. ತಮ್ಮ ಮಗಳ ಮದುವೆಗೆಂದು ಎತ್ತಿಟ್ಟುಕೊಂಡಿದ್ದರು. "ಇದನ್ನ ತೊಳೆಯುವಾಗ ಕೆಂಪು ದೀಪಾನೂ ಹಚ್ಚಬಾರ್ದು, ಗೊತ್ತಾಯ್ತೇನ್ಲಾ. ಕುರುಡನ ಹಂಗೆ ಕೈಯಲ್ಲೇ ತೊಳೀಬೇಕು" ಎಂದಷ್ಟೇ ಹೇಳಿ ಒಳಗೆ ಹೋದರು.

ಮುಳಬಾಗಿಲು ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಚೌಡಮ್ಮ ನನ್ನ ಮುಖ ನೋಡಿ, "ಮೊದ್ಲು ಉಣ್ಣು ನಾಯನಾ, ಆಮೇಲೆ ನಿನ್ನ ಪೆಟ್ಟಿಗೆ" ಎಂದು ಚಾಪೆ ಹಾಸಿದರು. ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ತೆರೆದ ಹಿತ್ತಿಲ ಬಾಗಿಲು, ಆಚೆಗೆ ಬಿಸಿಲು. ತಟ್ಟೆ ಬಂತು. ಬಾಗಿಲಿನ ಬೆಳಕು ಮುದ್ದೆಯ ನೆತ್ತಿಯ ಮೇಲೆ ಜಾರಿ ನನ್ನ ಕಡೆ ಇಳಿಯುತ್ತಿತ್ತು. ತುಪ್ಪ ಸವರಿದ ಕಡೆ ಹೊಳೆಯುತ್ತಿತ್ತು. ಹಬೆ ಬೆಳಕಿಗೆ ಅಡ್ಡ ಬಂದು ಕಾಣುತ್ತಿತ್ತು. ಒಂದು ತುತ್ತು ಮುರಿದೆ. ಮುರಿದ ಕಡೆ ಒರಟಾಗಿ, ಮೆತ್ತಗೆ ಕಂಡಿತು. ಅವರೆಕಾಳಿನ ಸಾರು ಆ ಗುಳಿಯೊಳಕ್ಕೆ ನುಗ್ಗಿತು. ಬಾಯಲ್ಲಿ ನೀರೂರಿತು. ತುತ್ತನ್ನು ಹಾಗೇ ಕೈಯಲ್ಲಿ ಹಿಡಿದು ಕೂತುಬಿಟ್ಟೆ. ಇಷ್ಟು ದಿನ ನಾನು ಮುದ್ದೆಯನ್ನು ನಿಂತವನ ಕಣ್ಣಿನಿಂದ ನೋಡುತ್ತಿದ್ದೆ, ಮುದ್ದೆ ಉಣ್ಣುವವನು ನೆಲದ ಮೇಲೆ ಕೂತಿರುತ್ತಾನೆ. ಎಷ್ಟು ಸುಲಭದ ಮಾತು. ಸಂತೋಷಕ್ಕೆ ನನಗೆ ನಗು ಬಂತು.

"ಏನ್ ನಾಯನಾ, ಉಪ್ಪು ಕಮ್ಮಿಯಾಯ್ತಾ?" ಎಂದರು ಚೌಡಮ್ಮ.

ನನ್ನ ಸ್ಟ್ಯಾಂಡಿನ ಕಾಲುಗಳನ್ನು ಎಷ್ಟು ಮಡಚಿದರೂ ಅದು ಕೂತವನ ಕಣ್ಣಿಗಿಂತ ಮೇಲೇ ನಿಲ್ಲುತ್ತಿತ್ತು. ಸ್ಟ್ಯಾಂಡನ್ನು ಮೂಲೆಗೆಸೆದು ಅರ್ಧ ತುಂಬಿದ ರಾಗಿ ಮೂಟೆಯನ್ನು ಎಳೆದುಕೊಂಡೆ. ಅದರ ಮೇಲೆ ಪೆಟ್ಟಿಗೆ ಇಟ್ಟು ಅದುಮಿದರೆ ರಾಗಿ ಸರಿದು ಬೇಕಾದ ಕಡೆಗೆ ವಾಲಿಸಿಕೊಡುತ್ತಿತ್ತು, ಅಲುಗುತ್ತಲೂ ಇರಲಿಲ್ಲ. ಎದುರು ಬೆಳಕು ಲೆನ್ಸಿಗೆ ಹೊಡೆಯದಂತೆ ಮೊರ ಅಡ್ಡ ಹಿಡಿದೆ. ಚೌಡಮ್ಮನಿಗೂ ಗಾಜಿನಲ್ಲಿ ತೋರಿಸಿದೆ. ಕರಿ ಬಟ್ಟೆಯೊಳಗಿಂದ ಆಕೆಯ ಧ್ವನಿ ಬಂತು.

"ತಲೆಕೆಳಗೆ ಮಾಡಿಟ್ಟಿದ್ದೀಯಲ್ಲಪ್ಪ, ಸಾರು ಚೆಲ್ಲೋದಿಲ್ವಾ?"

ಇನ್ನೊಂದು ತೊಡಕಿತ್ತು. ಉಣ್ಣುವ ತಟ್ಟೆಯನ್ನು ಯಾರೂ ದಿಟ್ಟಿಸಿ ನೋಡಬಾರದು ಎಂಬುದು ಆಕೆಯ ಗಟ್ಟಿ ನಂಬಿಕೆ. ತಮ್ಮ ಹೋಟೆಲಿನಲ್ಲಿ ಕೂತವರ ಮೇಲೆ ಬೀದಿಯವರ ಕಣ್ಣು ಬೀಳದಂತೆ ಗೋಣಿತಟ್ಟು ಕಟ್ಟಿದ್ದರು, ತಾವು ಉಣ್ಣುವಾಗಲಂತೂ ಒಲೆಯ ಕಡೆ ಮುಖ ಮಾಡುತ್ತಿದ್ದರು. ಕ್ಯಾಮೆರಾದ್ದು ಒಂಟಿ ಕಣ್ಣು ಬೇರೆ. ಕೊನೆಗೆ ಒಂದು ತುಣುಕು ಮುರಿದು, ತಟ್ಟೆಗೆ ನಿವಾಳಿಸಿ ಕಾಗೆಗೆ ಎಸೆದು, "ಈಗ ನೋಡಪ್ಪ ಎಷ್ಟು ನೋಡ್ತೀಯೋ" ಎಂದು ಒಪ್ಪಿದರು.

ಹೊಸ ಮುದ್ದೆ ಕಟ್ಟಿ ತಟ್ಟೆಗಿಟ್ಟ ತಕ್ಷಣ ತೆಗೆಯಬೇಕು. ತುತ್ತು ಮುರಿಯುವ ಕೈ ಚಿತ್ರದಲ್ಲಿರಬೇಕು ಎಂದು ನನ್ನ ಹಟ. ಆ ಬೆಳಕಿಗೆ ಮುಚ್ಚಳ ತೆಗೆದು ಕೆಲವು ಸೆಕೆಂಡು ಕಾಯಬೇಕಾಗಿತ್ತು, ಅಷ್ಟು ಹೊತ್ತು ಕೈ ಅಲುಗಬಾರದು. ಒಲೆಯಿಂದ ಆಗ ತಾನೇ ಇಳಿದ ಮುದ್ದೆ. ಚೌಡಮ್ಮ ನನ್ನ ಪಕ್ಕದಲ್ಲಿ ಕೂತು ಬೆರಳುಗಳನ್ನು ಅದರೊಳಗಿಟ್ಟು ನಿಲ್ಲಿಸಿದರು. ಮುಚ್ಚಳ ತೆಗೆದೆ. ಆಕೆಯ ಉಸಿರು ನಿಂತದ್ದು ನನಗೆ ಕೇಳಿಸುತ್ತಿತ್ತು. ಬೆರಳು ಕದಲಲಿಲ್ಲ. ಮುಚ್ಚಿದ ಮೇಲೆ ನೋಡಿದರೆ ಬೆರಳ ತುದಿಗಳು ಕೆಂಪಗಾಗಿದ್ದವು.

"ಸುಡ್ಲಿಲ್ವಾ?" ಎಂದೆ.

"ಸುಡದೇ ಇದ್ರೆ ಅದು ಮುದ್ದೆನಾ? ಬಂತೋ ಇಲ್ವೋ ಹೇಳು. ಬರ್ದೇ ಇದ್ರೆ ಇನ್ನೊಂದು ಕಟ್ತೀನಿ" ಎಂದರು.

ಇನ್ನೊಂದನ್ನೂ ಕಟ್ಟಿಸಿದೆ. ಮೊದಲನೆಯದೇ ಚೆನ್ನಾಗಿ ಬಂದಿತ್ತು. ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಅಂದಾಜಿನಲ್ಲೇ ತೊಳೆದು, ಒಣಗಿಸಿ, ಪ್ರಿಂಟು ಹಾಕಿ ನಾಯ್ಡು ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿ, ತಮ್ಮ ಮಣ್ಣಿನ ಮುದ್ದೆಯ ಚಿತ್ರವನ್ನು ಮೇಜಿನ ಖಾನೆಗೆ ಸೇರಿಸಿದರು. ಹೊಗಳಲಿಲ್ಲ. ಕಚೇರಿಗೆ ಮಾತ್ರ ತಾವೇ ತೆಗೆದುಕೊಂಡು ಹೋದರು. ಅಮಲ್ದಾರರು ಅದನ್ನು ನೋಡಿ ಶಿರಸ್ತೇದಾರರ ಕೈಗೆ ಕೊಟ್ಟರಂತೆ. ಶಿರಸ್ತೇದಾರರು ಅದನ್ನು ನೋಡುತ್ತ, ಗೊತ್ತಿಲ್ಲದೆಯೇ ಒಮ್ಮೆ ಜೊಲ್ಲು ನುಂಗಿದರಂತೆ. ಅಂಗಡಿ ಚೌಡಮ್ಮನಿಗಾಯಿತು.

ಇಲ್ಲಿಗೆ ನಿಲ್ಲಿಸಿದರೆ ನನ್ನ ಕೈಚಳಕದ ಕಥೆಯಾಗುತ್ತದೆ. ಅದು ಹಾಗಾಗಲಿಲ್ಲ.

ಪ್ರದರ್ಶನದ ಮೊದಲ ದಿನ ಚಿತ್ರವನ್ನು ದೊಡ್ಡದು ಮಾಡಿ ಅಂಗಡಿಯ ಮುಂದೆ ತೂಗುಹಾಕಿದ್ದೆವು. ಜನ ಬಂದು ನೋಡಿದರು. ಚೆನ್ನಾಗಿದೆ ಎಂದರು. ಯಾರ ಕೈ ಅಡುಗೆ ಎಂದು ಕೆಲವರು ವಿಚಾರಿಸಿದರು. ಆಮೇಲೆ ಹೋಗಿ ಪಕ್ಕದಲ್ಲಿ ಕಾಫಿ ಕುಡಿದರು. ಒಳಗೆ ಮಾತ್ರ ಯಾರೂ ಬಂದು ಕೂರಲಿಲ್ಲ. ಚೌಡಮ್ಮ ಮಾಡಿದ ಮುದ್ದೆಯನ್ನು ಸಂಜೆ ಚಪ್ಪರ ಹಾಕುವ ಆಳುಗಳು ಉಂಡರು. ಖಾಯಂ ಜಾಗದ ಮಾತು ಅಲ್ಲಿಗೇ ಮುಗಿದ ಹಾಗೆ ಕಂಡಿತು. ಆಕೆಯ ಅಣ್ಣ ಬಂದಿದ್ದ. ಗಾಡಿ ತಂದಿದ್ದೀನಿ, ಪಾತ್ರೆ ಎತ್ತಿಡಲಾ ಎಂದು ಮೆಲ್ಲಗೆ ಕೇಳಿದ. ನಾಳೆ ಬಾರಣ್ಣ ಎಂದರು ಚೌಡಮ್ಮ.

ಮರುದಿನ ಊಟದ ಹೊತ್ತಿಗೆ ನಾನು ಹೋದಾಗ ಚೌಡಮ್ಮ ಚಿತ್ರವನ್ನು ಇಳಿಸಿ ಗೋಡೆಗೆ ಒರಗಿಸುತ್ತಿದ್ದರು. ಯಾಕೆ ಎಂದು ಕೇಳಿದೆ.

"ಪಟ ನೋಡಿ ಅಷ್ಟಕ್ಕೇ ತೃಪ್ತಿಯಾಗಿ ಹೋಗ್ತಾವ್ರೆ ಕಣಪ್ಪ. ಪಟದಾಗೆ ಬಿಸಿ ಇಲ್ವಲ್ಲ" ಎಂದರು.

ಚಾಪೆಯನ್ನು ಎಳೆದು ತಂದು ಅಂಗಡಿಯ ಮುಂದೆ, ಜನ ಓಡಾಡುವ ದಾರಿಯ ಅಂಚಿಗೇ ಹಾಸಿದರು. ಒಂದು ತಟ್ಟೆಗೆ ಬಡಿಸಿಕೊಂಡು, ದಾರಿಗೆ ಬೆನ್ನು ಮಾಡಿ ಕೂತರು. ಹೋಗುವವರೆಲ್ಲ ಆಕೆಯ ಹೆಗಲ ಮೇಲಿಂದ ಇಣುಕಿದರೆ ಆ ತಟ್ಟೆ ಉಣ್ಣುವವರಿಗೆ ಕಾಣುವಂತೆಯೇ ಕಾಣುತ್ತಿತ್ತು. ನನ್ನ ಕ್ಯಾಮೆರಾ ಇಟ್ಟ ಜಾಗಕ್ಕೆ ಊರನ್ನೇ ತಂದು ನಿಲ್ಲಿಸಿದ್ದರು. ಆ ಕಾಲದಲ್ಲಿ ಒಬ್ಬ ಹೆಂಗಸು, ಅದರಲ್ಲೂ ಗಂಡ ಸತ್ತವಳು, ಅಷ್ಟು ಗಂಡಸರ ನಡುವೆ ಬೀದಿಯಲ್ಲಿ ಕೂತು ಉಣ್ಣುವುದನ್ನು ನಾನು ನೋಡಿರಲಿಲ್ಲ. ನನಗೇ ಸಂಕೋಚವಾಯಿತು. ಬಗ್ಗಿ ಮೆಲ್ಲಗೆ ಹೇಳಿದೆ.

"ಚೌಡಮ್ಮ, ಎಲ್ಲಾರ ಕಣ್ಣೂ ಬೀಳ್ತದಲ್ಲ."

"ಬೀಳ್ಲಿ. ಬೀಳ್ಲಿ ಅಂತಾನೇ ಕೂತಿರೋದು" ಎಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದರು. ಮತ್ತೊಂದು ಮುರಿದರು. ಅವಸರವಿಲ್ಲ, ನಾಚಿಕೆಯಿಲ್ಲ. ಹಸಿದವರು ಉಣ್ಣುವಂತೆ ಉಂಡರು.

ಒಬ್ಬ ನಿಂತ. ಅವನ ಹಿಂದೆ ಇಬ್ಬರು ನಿಂತರು. ಕೋಟು ಹಾಕಿದ್ದ ಒಬ್ಬರು, ಮದರಾಸಿನ ಕಡೆಯಿಂದ ಬಂದ ಬ್ಯಾಂಕಿನ ಗುಮಾಸ್ತರು, ಆಕೆಯ ಹೆಗಲ ಹಿಂದೆ ಬಗ್ಗಿ ನೋಡುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ ತಮ್ಮ ಅರೆಬರೆ ಕನ್ನಡದಲ್ಲಿ ಕೇಳಿದರು.

"ಅಮ್ಮಾ, ಇದು ಅಗಿಯಬೇಕಾ, ನುಂಗಬೇಕಾ?"

ಚೌಡಮ್ಮ ತಿರುಗಿ ನೋಡಲಿಲ್ಲ. ಎಡಗೈಯಿಂದ ಚಾಪೆಯ ಪಕ್ಕ ತಟ್ಟಿದರು.

"ಚಪ್ಪಲಿ ಅಲ್ಲಿ ಬಿಟ್ಟು ಬನ್ನಿ ಸ್ವಾಮಿ. ನಿಂತ್ಕೊಂಡು ಕೇಳಿದ್ರೆ ಗೊತ್ತಾಗಲ್ಲ" ಎಂದರು.

ಅವರು ಕೋಟು ಬಿಚ್ಚಿ ಮಡಚಿಟ್ಟು, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಕೂತರು. ಅವರನ್ನು ನೋಡಿ ಇನ್ನೊಬ್ಬರು ಕೂತರು. ಚಾಪೆ ತುಂಬಿದ ಮೇಲೆ ಚೌಡಮ್ಮ ಎದ್ದು ಕೈ ತೊಳೆದು ಒಲೆಯ ಮುಂದೆ ಹೋಗಿ ಕೂತರು. ಸಂಜೆ ಅಣ್ಣ ಗಾಡಿ ತಂದಾಗ ಅವನಿಗೂ ಒಂದು ತಟ್ಟೆ ಇಟ್ಟು, ಉಂಡ ಮೇಲೆ ಖಾಲಿ ಗಾಡಿಯಲ್ಲಿ ಹೋಳೂರಿಗೆ ಕಳಿಸಿದರು.